ಗೆಳೆಯನಿಗೊಂದು ಅಳಗುಳಿ ಮಣೆ

ಕೇಳುಗರಿಗೆ ನಮಸ್ಕಾರ.

ಅರಸೀಕೆರೆಯಲ್ಲಿ ನನಗೊಬ್ಬ ಗೆಳೆಯನಿದ್ದಾನೆ. ಹಾಸನದಲ್ಲಿ ಓದುವಾಗ ಒಂದೇ ಕೋಣೆಯಲ್ಲಿದ್ದವರು ನಾವು. ಕೆಲವು ವರ್ಷಗಳ ಹಿಂದೆ ಅವನ ಕಣ್ಣು ಮಂಜಾಗತೊಡಗಿತು. ಪೇಪರ್ ಓದಲಾಗದು, ಟೀವಿಯಲ್ಲಿ ಮುಖ ತಿಳಿಯದು. ‘ಹೊತ್ತು ಹೋಗೋದೇ ಕಷ್ಟ ಕಣೋ’ ಎಂದು ಒಮ್ಮೆ ಫೋನಿನಲ್ಲಿ ಹೇಳಿದ. ಬರಿ ಬೆರಳಿನಿಂದ ಆಡುವ ಆಟ ಯಾವುದಿದೆ ಎಂದು ಹುಡುಕುತ್ತಿದ್ದ ನನಗೆ ನಮ್ಮಜ್ಜಿಯ ಅಳಗುಳಿ ಮಣೆ ನೆನಪಾಯಿತು. 2 ಸಾಲು, ಸಾಲಿಗೆ 7 ಗುಳಿ. ಗುಳಿಗೆ ಐದೈದರಂತೆ 70 ಹುಣಸೆ ಬೀಜ. ನಾನೇ ಮಾಡಿಕೊಡೋಣವೆಂದು ಹೊರಟೆ.

ನಾನಿರುವುದು ಸಕಲೇಶಪುರದ ಕಡೆ. ಆಷಾಢದ ಗಾಳಿಗೆ ಹಿತ್ತಲಿನ ಹಲಸಿನ ಮರವೊಂದು ಉರುಳಿತ್ತು. ಹಲಸು ಒಳ್ಳೆಯ ಮರ. ವೀಣೆಯ ಕೊಡ, ಮೃದಂಗದ ಒಡಲು ಆಗುವುದು ಇದರಲ್ಲೇ. ಹೊಸದಾಗಿ ಕುಯ್ದಾಗ ಅರಿಸಿನದಂತಿರುವ ಬಣ್ಣ ವರ್ಷ ಕಳೆದಂತೆ ಕೆಂಗಂದಾಗುತ್ತದೆ. ಹಲಗೆ ನೋಡಿದ ನಮ್ಮೂರಿನ ಆಚಾರ್ರು, ‘ಇನ್ನೂ ಹಸಿ ಮೇಷ್ಟ್ರೇ, ಎರಡು ಬೇಸಿಗೆ ಕಾಣಲಿ’ ಎಂದರು. ಯುಗಾದಿಗೆ ಕೊಡಬೇಕೆಂಬ ಆತುರ ನನಗೆ. ಕೇಳಲಿಲ್ಲ.

ಮೇ ತಿಂಗಳಲ್ಲಿ ಅವನ ಮನೆಗೆ ಹೋದಾಗ ನೋಡುತ್ತೇನೆ, ಮೂರು ಗುಳಿಗಳ ನಡುವೆ ಹಾದು ಸೀಳು ಬಂದಿದೆ. ಬೀಜ ಸಿಕ್ಕಿಕೊಳ್ಳದಂತೆ ಅದಕ್ಕೆ ಮೇಣ ತುಂಬಿ ಆಡುತ್ತಿದ್ದ. ನನಗೊಂದು ಮಾತು ಹೇಳಿರಲಿಲ್ಲ. ಆ ದಿನ ನನಗಾದ ಸಂಕಟ ಇನ್ನೂ ಹಾಗೇ ಇದೆ.

ತಪ್ಪು ಎಲ್ಲಾಯಿತೆಂದು ಆಮೇಲೆ ಅರ್ಥವಾಯಿತು. ಮರ ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ, ಅಡ್ಡಕ್ಕೆ ಕುಗ್ಗುವುದೇ ಹೆಚ್ಚು. ಗಾಳಿಯಲ್ಲಿ ತೇವವಿದ್ದರೆ ಹೀರುತ್ತದೆ, ಇಲ್ಲದಿದ್ದರೆ ಬಿಡುತ್ತದೆ. ಸಕಲೇಶಪುರದಲ್ಲಿ ವರ್ಷಕ್ಕೆ 2000 ಮಿಲಿಮೀಟರ್ ಮೀರಿ ಮಳೆ. ಅರಸೀಕೆರೆಯಲ್ಲಿ ಅದರ ಅರ್ಧವೂ ಇಲ್ಲ. ಒಂದೇ ಜಿಲ್ಲೆಯಾದರೂ ಮರಕ್ಕೆ ಅವೆರಡು ಬೇರೆ ದೇಶ.

ಎರಡನೇ ಸಲ ಅದೇ ಮರದ ಇನ್ನೊಂದು ಹಲಗೆ ತೆಗೆದುಕೊಂಡೆ. ಆಗಲೇ ಎರಡೂ ತುದಿಗೆ ಮೇಣ ಬಳಿದೆ, ತೇವ ಬೇಗ ಹೊರಡುವುದು ಅಲ್ಲಿಂದಲೇ. ಕೆಳಗೆ ರೀಪು ಕೊಟ್ಟು, ಬಿಸಿಲು ತಾಗದ, ಗಾಳಿಯಾಡುವ ಕಡೆ ಇಟ್ಟೆ. ತಿಂಗಳಿಗೊಮ್ಮೆ ತೂಗಿ, ತೂಕವನ್ನು ಹಲಗೆಯ ಮೇಲೇ ಪೆನ್ಸಿಲಿನಲ್ಲಿ ಬರೆದೆ. ಬೇಸಿಗೆಯಲ್ಲಿ ಇಳಿಯಿತು, ಮಳೆಗಾಲದಲ್ಲಿ ಮತ್ತೆ ಏರಿತು! ಎರಡನೇ ಬೇಸಿಗೆ ಬಂದಾಗ ಹಲಗೆಯನ್ನು ಅವನ ಮನೆಗೇ ಒಯ್ದು, ‘ಒಂದೆರಡು ತಿಂಗಳು ಇಲ್ಲಿರಲಿ’ ಎಂದೆ. ಯಾಕೆಂದು ಕೇಳಿದ. ಶೆಲ್ಫಿಗೆ ಎಂದು ಸುಳ್ಳು ಹೇಳಿದೆ. ತೂಕ ಇಳಿಯುವುದು ನಿಂತ ಮೇಲೆ ವಾಪಸು ತಂದು, ತಡಮಾಡದೆ ಕೆಲಸ ಶುರುಮಾಡಿದೆ.

ಮಣೆಯ ಉದ್ದ 20 ಇಂಚು, ಅಗಲ 6, ದಪ್ಪ ಒಂದೂವರೆ. ಒಂದೊಂದು ಗುಳಿಯ ಅಗಲ 2 ಇಂಚು, ಆಳ ಮುಕ್ಕಾಲು. ಬಾಗಿದ ಬಾಯಿಯ ಉಳಿಯನ್ನು ಅಂಚಿನಿಂದ ನಡುವಿಗೆ ಓಡಿಸಬೇಕು. ನಡುವಿನಿಂದ ಮೇಲಕ್ಕೆ ಎತ್ತಿದರೆ ಅಂಚು ಚಕ್ಕೆ ಏಳುತ್ತದೆ. ತಳ ಬೋಗುಣಿಯ ಹಾಗಿರಬೇಕು, ಮೂಲೆ ಇರಲೇಬಾರದು. ಕಣ್ಣು ಕಾಣದವನ ಬೆರಳು ಮೂಲೆಯಲ್ಲಿ ಕಾಳಿಗಾಗಿ ತಡಕಾಡಬಾರದಲ್ಲ! ಒಂದೊಂದು ಗುಳಿ ಮುಗಿದಾಗಲೂ ಕಣ್ಣು ಮುಚ್ಚಿ ಐದು ಬೀಜ ಬಾಚಿ ನೋಡುತ್ತಿದ್ದೆ. ಅವನ ಸಾಲು ಯಾವುದೆಂದು ತಿಳಿಯಲು ಆ ಬದಿಯ ಅಂಚಿಗೆ ಸಣ್ಣದೊಂದು ಗೀರು ಹಾಕಿದೆ.

ಉಪ್ಪು ಕಾಗದದಿಂದ ಉಜ್ಜಿ, ಅಗಸೆ ಎಣ್ಣೆಯನ್ನು ತೆಳ್ಳಗೆ ಮೂರು ಸಲ, ಪ್ರತಿಸಲವೂ ಪೂರ್ತಿ ಒಣಗಲು ಬಿಟ್ಟು ಬಳಿದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯೇಳುತ್ತದೆ, ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ, ಹೊರಗೆ ಹರವಿ ಒಣಗಿಸಿ.

ಮಣೆಯನ್ನು ತೊಡೆಯ ಮೇಲಿಟ್ಟಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ. ಎರಡೂ ಕೈಯಲ್ಲಿ ಗುಳಿಗುಳಿಯನ್ನೂ ಮುಟ್ಟುತ್ತಾ ಹೋದ. ಗೀರು ಸಿಕ್ಕಿತು, ನಕ್ಕ. ಕೊನೆಗೆ, ‘ಎಡಗಡೆ ಮೂರನೇದು ಸ್ವಲ್ಪ ಆಳ ಆಯ್ತು ನೋಡೋ’ ಎಂದ. ಅಳೆದು ನೋಡಿದೆ. ಒಂದು ನೂಲಿನಷ್ಟು ಹೆಚ್ಚಿತ್ತು.

‘ಇರಲಿ ಬಿಡು, ಗುರುತಿಗೆ ಆಗುತ್ತೆ. ಬೀಜ ಹಾಕು’ ಎಂದ.