ಸರ್ಬಿಟನ್ ಗ್ಯಾರೇಜಿನ ಪುಟ್ಟ ಕಾರು

ನಮಸ್ಕಾರ. ಇವತ್ತು ವಾಟರ್‌ಲೂನಲ್ಲಿ ರೈಲು ಹತ್ತಿ ಸರ್ಬಿಟನ್‌ಗೆ ಬಂದಿದ್ದೇನೆ. ಲಂಡನ್ನಿನ ಅಂಚಿನ ಊರು. ಇದು ಹಾಲಿಫೀಲ್ಡ್ ರಸ್ತೆ. ಮೂಲೆಯಲ್ಲಿ ಬಾಗಿದ ಗೋಡೆಯ ಕಟ್ಟಡ ಕಾಣುತ್ತಿದೆಯಲ್ಲ, ಚಾರ್ಲ್ಸ್ ಕೂಪರ್ ಮತ್ತು ಅವರ ಮಗ ಜಾನ್ ರೇಸ್ ಕಾರು ಕಟ್ಟುತ್ತಿದ್ದದ್ದು ಇಲ್ಲೇ. ಇದರ ಮುಂದೆ ಒಂದು ಸಲ ನಿಲ್ಲಬೇಕು ಅಂತ ತುಂಬಾ ದಿನದಿಂದ ಆಸೆ ಇತ್ತು.

1946ರಲ್ಲಿ ಅವರು ಮಾಡಿದ ಪುಟ್ಟ ಕಾರಿಗೆ ಇದ್ದದ್ದು 500 ಸಿಸಿಯ ಮೋಟಾರ್ ಸೈಕಲ್ ಎಂಜಿನ್. ಬೈಕ್ ಎಂಜಿನ್ ಅಲ್ವಾ, ಹಿಂದಿನ ಚಕ್ರಕ್ಕೆ ಚೈನ್ ಎಳೆಯಬೇಕು. ಹತ್ತಿರ ಇದ್ದರೆ ಸುಲಭ. ಅದಕ್ಕೇ ಡ್ರೈವರ್ ಬೆನ್ನ ಹಿಂದೆ ಇಟ್ಟರು. ಅವರಿಗಿಂತ ಮುಂಚೆ, 1930ರ ದಶಕದಲ್ಲಿ, ಜರ್ಮನಿಯ ಆಟೋ ಯೂನಿಯನ್ 16 ಸಿಲಿಂಡರ್ ಎಂಜಿನ್ ಹೀಗೆ ಹಿಂದೆ ಕೂರಿಸಿತ್ತು. ಆದರೆ ಯುದ್ಧದ ನಂತರ ದೊಡ್ಡ ಕಂಪನಿಗಳ ಕಾರುಗಳೆಲ್ಲ ಉದ್ದ ಮೂತಿಯವು, ಎಂಜಿನ್ ಮುಂದೆ.

ಈಗ ನನಗೆ ಬಹಳ ಇಷ್ಟವಾದ ಭಾಗ. 1958ರ ಜನವರಿ 19, ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಫಾರ್ಮುಲಾ ಒನ್ ರೇಸ್. ಖಾಸಗಿ ತಂಡದ ಮಾಲೀಕ ರಾಬ್ ವಾಕರ್ ಅವರ ಕೂಪರ್ ಕಾರಿನಲ್ಲಿ ಬ್ರಿಟಿಷ್ ಡ್ರೈವರ್ ಸ್ಟರ್ಲಿಂಗ್ ಮಾಸ್. ಎಂಜಿನ್ 2 ಲೀಟರ್ ಕೂಡ ಇಲ್ಲ. ಎದುರಿಗೆ 2.4 ಲೀಟರಿನ ಫೆರಾರಿಗಳು. ಕೂಪರ್ ಚಕ್ರಕ್ಕೆ ನಾಲ್ಕು ಬೋಲ್ಟ್, ಒಂದೊಂದಾಗಿ ಬಿಚ್ಚಬೇಕು. ಫೆರಾರಿಗೆ ನಡುವೆ ಒಂದೇ ನಟ್, ಸುತ್ತಿಗೆಯಲ್ಲಿ ಹೊಡೆದರೆ ಸಾಕು. ಟೈರ್ ಬದಲಿಸಲು ನಿಂತರೆ ಮಾಸ್ ಸೋತಂತೆಯೇ.

ಆದ್ದರಿಂದ ಮೆಕ್ಯಾನಿಕ್‌ಗಳು ಹೊಸ ಟೈರುಗಳನ್ನು ಹೊರಗೆ ತಂದು ಸಿದ್ಧವಾದಂತೆ ನಿಂತರು. ಎದುರಾಳಿಗಳಿಗೆ ಕಾಣಲಿ ಅಂತ. ಇವನು ಹೇಗೂ ನಿಲ್ಲುತ್ತಾನೆ ಅಂದುಕೊಂಡು ಫೆರಾರಿಯವರು ಅವಸರ ಮಾಡಲಿಲ್ಲ. ಮಾಸ್ ನಿಲ್ಲಲೇ ಇಲ್ಲ! ಕೊನೆಗೆ ಅವರಿಗೆ ಅರ್ಥವಾಗಿ ಫೆರಾರಿ ಡ್ರೈವರ್ ಲುಯಿಜಿ ಮುಸ್ಸೊ ಬೆನ್ನಟ್ಟುವ ಹೊತ್ತಿಗೆ ತಡವಾಗಿತ್ತು. 80 ಸುತ್ತು ಮುಗಿದಾಗ ಅಂತರ 2.7 ಸೆಕೆಂಡ್. ಮಾಸ್ ಟೈರಿನ ರಬ್ಬರ್ ಸವೆದು ಒಳಗಿನ ಬಿಳಿ ಕ್ಯಾನ್ವಾಸ್ ಕಾಣುತ್ತಿತ್ತು. ಎಂಜಿನ್ ಹಿಂದಿರುವ ಕಾರೊಂದು ವಿಶ್ವ ಚಾಂಪಿಯನ್‌ಶಿಪ್ ರೇಸ್ ಗೆದ್ದದ್ದು ಅದೇ ಮೊದಲು.

ಮಾಸ್ ಚಾಲಾಕಿತನದಿಂದ ಗೆದ್ದರು ಅಂತ ಸುಮ್ನೆ ಬಿಟ್ಟುಬಿಡಬೇಡಿ. ಆ ಕಾರು ಹಗುರ. ಹಗುರ ಅಂತಲೇ ಟೈರ್ ಅಷ್ಟು ದೂರ ತಡೆಯಿತು. ಮುಂದೆ ಉದ್ದನೆಯ ಎಂಜಿನ್ ಇಲ್ಲ, ಡ್ರೈವರ್ ಕಾಲ ಕೆಳಗೆ ಹಿಂದಿನ ಚಕ್ರಗಳವರೆಗೂ ಎಂಜಿನ್ ಶಕ್ತಿ ಒಯ್ಯುವ ಶಾಫ್ಟ್ ಇಲ್ಲ. ಹಾಗಾಗಿ ಅವನು ತಗ್ಗಾಗಿ ಕೂರಬಹುದು, ಗಾಳಿಯ ತಡೆಯೂ ಕಡಿಮೆ.

1959 ಮತ್ತು 1960ರಲ್ಲಿ ಕೂಪರ್ ಓಡಿಸಿಯೇ ಆಸ್ಟ್ರೇಲಿಯಾದ ಡ್ರೈವರ್ ಜಾಕ್ ಬ್ರಾಭಮ್ ವಿಶ್ವ ಚಾಂಪಿಯನ್ ಆದರು. 1961ಕ್ಕೆ ಫೆರಾರಿಯ ಎಂಜಿನ್ನೂ ಹಿಂದಕ್ಕೆ ಬಂದಿತ್ತು.

ಬನ್ನಿ, ರಸ್ತೆ ದಾಟಿ ಆ ಬಾಗಿದ ಗೋಡೆಯನ್ನು ಹತ್ತಿರದಿಂದ ತೋರಿಸುತ್ತೇನೆ.