ಕಾರಿಗನೂರಿನ ವಕೀಲರ ದನಿ

ನಮಸ್ಕಾರ. ನೀವೀಗ ನೋಡುತ್ತಿರುವುದು ಚನ್ನಗಿರಿ ತಾಲ್ಲೂಕಿನ ಕಾರಿಗನೂರನ್ನು, ಅಂದರೆ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಜೆ. ಎಚ್. ಪಟೇಲರ ಊರನ್ನು. ಈ ದೃಶ್ಯದಲ್ಲಿ ನನ್ನ ತುಟಿ ಒಂದು ಹೇಳುತ್ತಿದೆ, ನಿಮಗೆ ಕೇಳಿಸುತ್ತಿರುವುದು ಮತ್ತೊಂದು; ಅದಕ್ಕೆ ಕಾರಣವನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಗಾಳಿಯ ಸದ್ದನ್ನು ತಡೆಯುತ್ತದೆಂದು ನಂಬಿ 650 ರೂಪಾಯಿ ಕೊಟ್ಟು ಕೊಂಡ ಮೈಕ್ ಹೊದಿಕೆ ಸೂಳೆಕೆರೆಯ ಏರಿಯ ಮೇಲೆ ಹತ್ತು ನಿಮಿಷವೂ ನಿಲ್ಲಲಿಲ್ಲ. ಅದರ ಅಂಟು ಬಿಟ್ಟು ರೋಮದ ಟೊಪ್ಪಿಗೆ ಪಕ್ಕಕ್ಕೆ ಜಾರಿದ್ದು ನನ್ನ ಗಮನಕ್ಕೆ ಬಂದದ್ದು ಸಂಜೆ, ನಲವತ್ತು ನಿಮಿಷದ ಮಾತೆಲ್ಲ ಬರೀ ಭರ್‍ರೆಂಬ ಸದ್ದಾಗಿ ಕೇಳಿಸಿದಾಗ. ಹಾಗಾಗಿ ಈ ದನಿಯನ್ನು ಆಮೇಲೆ ಬೇರೆಯಾಗಿ ಸೇರಿಸಿದ್ದೇನೆ. ಅಷ್ಟು ಹಣ ತೆಗೆದುಕೊಂಡು ಇಂಥ ಅಂಟು ಹಚ್ಚಿ ಮಾರುವುದು ಅನ್ಯಾಯ. ಹಣಕ್ಕಿಂತಲೂ, ಆಡಿದ ಮಾತು ಹೋಯಿತಲ್ಲ ಎಂಬ ಸಂಕಟ ನನ್ನನ್ನು ಹೆಚ್ಚು ಕಾಡಿತು.

ಆ ಸಂಕಟದಲ್ಲಿಯೇ ಪಟೇಲರ 1967 ನೆನಪಾಯಿತು. ಬೆಳಗಾವಿಯಲ್ಲಿ ಕಾನೂನು ಓದಿ ವಕೀಲರಾಗಿದ್ದ ಅವರು ಆ ವರ್ಷ ಸಂಯುಕ್ತ ಸೋಷಲಿಸ್ಟ್ ಪಕ್ಷದಿಂದ ಶಿವಮೊಗ್ಗ ಕ್ಷೇತ್ರದಲ್ಲಿ ಗೆದ್ದು ದೆಹಲಿಗೆ ಹೋದರು. ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿಯೇ ಮಾತನಾಡಿದರು. ಹಿಂದಿ ಅಥವಾ ಇಂಗ್ಲಿಷಿನಲ್ಲಿ ಹೇಳಲಾಗದ ಸದಸ್ಯರು ಸಭಾಧ್ಯಕ್ಷರ ಅನುಮತಿಯಿಂದ ತಾಯ್ನುಡಿಯಲ್ಲಿ ಮಾತನಾಡಬಹುದೆಂದು ಸಂವಿಧಾನದ 120ನೇ ವಿಧಿ ಹೇಳುತ್ತದೆ. ಇಂಗ್ಲಿಷ್ ಬಲ್ಲ ವಕೀಲರೊಬ್ಬರು ಆ ಬಾಗಿಲನ್ನು ಕನ್ನಡಕ್ಕಾಗಿ ತೆರೆಸಿದ್ದು ನನಗೆ ಬಹು ದೊಡ್ಡ ಸಂಗತಿ. ಕಲಾಪದ ನೇರ ಪ್ರಸಾರವಿಲ್ಲದ ಕಾಲ ಅದು. ಆ ಕನ್ನಡ ಸದನದ ಗೋಡೆಗಳೊಳಗೇ ಉಳಿಯಿತು. ಕಾರಿಗನೂರಿನವರು ಅದನ್ನು ಮರುದಿನದ ಪತ್ರಿಕೆಯಲ್ಲಿ ಓದಿ ತಿಳಿಯಬೇಕಾಗಿತ್ತು.

ತುರ್ತುಪರಿಸ್ಥಿತಿಯಲ್ಲಿ ಸೆರೆವಾಸ, 1978ರಲ್ಲಿ ಚನ್ನಗಿರಿಯಿಂದ ವಿಧಾನಸಭೆ, 1996ರ ಮೇ 31ರಂದು ಮುಖ್ಯಮಂತ್ರಿ ಪದವಿ. ಅಡಿಕೆ ತೋಟದ ಈ ದೃಶ್ಯ ಚಿಕ್ಕದು, ಆದ್ದರಿಂದ ಬೇಗ ಹೇಳಿದೆ.

1997ರಲ್ಲಿ ಅವರ ಸರ್ಕಾರ ಏಳು ಹೊಸ ಜಿಲ್ಲೆಗಳನ್ನು ಮಾಡಿದಾಗ ಚನ್ನಗಿರಿ ಶಿವಮೊಗ್ಗವನ್ನು ಬಿಟ್ಟು ದಾವಣಗೆರೆಗೆ ಸೇರಿತು. ಚನ್ನಗಿರಿ ಪಟ್ಟಣಕ್ಕೆ ಶಿವಮೊಗ್ಗವೇ ಹತ್ತಿರವಾದ್ದರಿಂದ, ಈ ಜಿಲ್ಲಾ ವಿಂಗಡಣೆಯೇ ತಪ್ಪು ನಿರ್ಧಾರವೆಂದು ಬೆಳಿಗ್ಗೆ ಕ್ಯಾಮೆರಾ ಮುಂದೆ ಖಂಡಿತವಾಗಿ ಹೇಳಿದ್ದೆ. ಈಗ ಅರ್ಧ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಒಂದು ಸಹಿಗಾಗಿ ಯಲಬುರ್ಗಾದವರು ರಾಯಚೂರಿನವರೆಗೆ ಹೋಗಬೇಕಾಗಿದ್ದ ಕಷ್ಟವನ್ನು ಕೊಪ್ಪಳ ಜಿಲ್ಲೆ ನೀಗಿಸಿತು. ಚನ್ನಗಿರಿಯ ವಿಷಯದಲ್ಲಿ ಮಾತ್ರ ನನ್ನ ತಕರಾರು ಹಾಗೆಯೇ ಇದೆ.

ಏರಿಯ ಮೇಲೆ ಬಿಸಿಲು ಇಳಿಯುತ್ತಿದೆ, ದೃಶ್ಯವೂ ಮುಗಿಯುತ್ತಾ ಬಂತು. 1999ರ ಚುನಾವಣೆಯಲ್ಲಿ ಪಟೇಲರು ಸೋತರು. 2000ದ ಡಿಸೆಂಬರ್ 12ರಂದು ತೀರಿಕೊಂಡರು. ನಿಮ್ಮ ಮನೆಯ ಅಟ್ಟದಲ್ಲಿ ಅವರ ಭಾಷಣದ ಕ್ಯಾಸೆಟ್ ಏನಾದರೂ ಉಳಿದಿದ್ದರೆ ದಯವಿಟ್ಟು ಎಸೆಯಬೇಡಿ, ನನಗೆ ತಿಳಿಸಿ. ನಾನೇ ಬಂದು ಕೇಳಿ, ಪ್ರತಿ ಮಾಡಿಕೊಂಡು, ಮರಳಿ ನಿಮ್ಮ ಕೈಗೇ ಕೊಡುತ್ತೇನೆ.