ಸ್ಟೆಂಟ್ ಕತ್ತರಿಸುವ ಲೇಸರ್ ಮತ್ತು ಅದು ಬಿಟ್ಟುಹೋಗುವ ಬಿಸಿ

ಎಲ್ಲರಿಗೂ ನಮಸ್ಕಾರ.

ಹೃದಯದ ರಕ್ತನಾಳ ಕಟ್ಟಿಕೊಂಡಾಗ ಸ್ಟೆಂಟ್ ಹಾಕುತ್ತಾರೆ, ಗೊತ್ತೇ ಇದೆ. ನೋಡಿದರೆ ತಂತಿ ಹೆಣೆದ ಹಾಗೆ ಕಾಣುತ್ತದೆ. 1986ರಲ್ಲಿ ಮೊದಲು ಹಾಕಿದವು ಹೆಣೆದವೇ ಆಗಿದ್ದವು. ಇವತ್ತು ಬಹುಪಾಲು ಹಾಗಲ್ಲ. ಎರಡು ಮಿಲಿಮೀಟರ್ ಆಸುಪಾಸಿನ ಲೋಹದ ಕೊಳವೆ ತೆಗೆದುಕೊಂಡು, ಬೇಡದ್ದನ್ನು ಲೇಸರ್‌ನಿಂದ ಕತ್ತರಿಸಿ ಬೀಳಿಸುತ್ತಾರೆ. ಉಳಿದ ಜಾಲರಿಯೇ ಸ್ಟೆಂಟ್. ಅದರ ಒಂದೊಂದು ಕಡ್ಡಿಯೂ ಹೆಚ್ಚುಕಡಿಮೆ ತಲೆಗೂದಲಿನಷ್ಟು ದಪ್ಪ.

ಇಷ್ಟು ಸಣ್ಣದನ್ನು ಕತ್ತರಿಸುವುದೇ ಕಷ್ಟ ಅಂತ ಅನ್ನಿಸುತ್ತದೆ, ಅಲ್ವಾ? ನನ್ನ ಪ್ರಕಾರ ಅದು ಸುಲಭದ ಭಾಗ. ಲೇಸರ್ ನಿಂತಲ್ಲೇ ಇರುತ್ತದೆ, ಕೊಳವೆ ತಿರುಗುತ್ತಾ ಮುಂದೆ ಸರಿಯುತ್ತದೆ, ಉಳಿದದ್ದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ತಲೆನೋವು ಇರುವುದು ಬಿಸಿಯಲ್ಲಿ.

ಈ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವ ಫೈಬರ್ ಲೇಸರ್, ಅಂದರೆ ಗಾಜಿನ ಎಳೆಯಲ್ಲಿ ಕಿರಣ ಹುಟ್ಟಿಸುವ ಲೇಸರ್, ಲೋಹವನ್ನು ಕರಗಿಸುತ್ತದೆ. ಕರಗಿದ್ದನ್ನು ಗ್ಯಾಸ್ ಊದಿ ಹೊರಹಾಕುತ್ತದೆ. ಸ್ಟೇನ್‌ಲೆಸ್ ಸ್ಟೀಲ್‌ಗೆ ಆಕ್ಸಿಜನ್ ನಡೆಯುತ್ತದೆ. ಟೈಟಾನಿಯಂ ಇರುವ ಲೋಹಕ್ಕೆ ಆಕ್ಸಿಜನ್, ನೈಟ್ರೋಜನ್ ಎರಡೂ ಆಗಿಬರುವುದಿಲ್ಲ, ಅಂಚು ಪೆಡಸಾಗುತ್ತದೆ. ಅಲ್ಲಿ ಆರ್ಗಾನ್ ಬೇಕು. ಇನ್ನೊಂದು ತೊಂದರೆ ಇದೆ. ಮೇಲಿನ ಗೋಡೆ ತೂತಾದ ತಕ್ಷಣ ಕಿರಣವೂ ಕರಗಿದ ಹನಿಗಳೂ ಎದುರಿನ ಗೋಡೆಗೆ ಬಡಿಯುತ್ತವೆ. ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ: ಕತ್ತರಿಸುವಾಗ ಕೊಳವೆಯೊಳಗೆ ಸುಮ್ನೆ ನೀರು ಹರಿಸುತ್ತಾರೆ! ಗೋಡೆಯೂ ಉಳಿಯಿತು, ಕೊಳವೆಯೂ ತಣ್ಣಗಾಯಿತು.

ಆದರೂ ಅಂಚಿನಲ್ಲಿ ಕರಗಿ ಮತ್ತೆ ಗಟ್ಟಿಯಾದ ತೆಳು ಪದರ ಉಳಿಯುತ್ತದೆ. ಕಣ್ಣಿಗೆ ಕಾಣದ ಬಿರುಕು ಶುರುವಾಗುವುದು ಅಲ್ಲಿಂದಲೇ. ಹೃದಯ ಹತ್ತು ವರ್ಷಕ್ಕೆ ಸುಮಾರು 40 ಕೋಟಿ ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೂ ಆ ಕಡ್ಡಿ ಚೂರು ಬಾಗುತ್ತದೆ. ನಿಟಿನಾಲ್ ಅಂದರೆ ನಿಕಲ್-ಟೈಟಾನಿಯಂ ಇನ್ನೂ ಸೂಕ್ಷ್ಮ. ಮೈಬಿಸಿಗೆ ತಾನೇ ಅರಳಿಕೊಳ್ಳುವ ಲೋಹ ಅದು. ನಿಕಲ್ ಪ್ರಮಾಣ ಶೇಕಡಾ 0.1ರಷ್ಟು ಹೆಚ್ಚುಕಡಿಮೆಯಾದರೂ ಅರಳುವ ಉಷ್ಣತೆ ಹತ್ತು ಡಿಗ್ರಿಯಷ್ಟು ಆಚೀಚೆ ಹೋಗಬಹುದು. ಅಂಥದ್ದರ ಅಂಚನ್ನು ಸುಡುವುದೆಂದರೆ ಯೋಚಿಸಿ.

ಅದಕ್ಕೇ ಕತ್ತರಿಸಿದ ಮೇಲೆ ಆಸಿಡ್‌ನಲ್ಲಿ ತೊಳೆದು, ಆಮೇಲೆ ಎಲೆಕ್ಟ್ರೋಪಾಲಿಶ್ ಮಾಡುತ್ತಾರೆ. ದ್ರಾವಣದಲ್ಲಿ ಮುಳುಗಿಸಿ ಕರೆಂಟ್ ಹರಿಸಿದರೆ ಚೂಪಾದ ಮೂಲೆಗಳೇ ಮೊದಲು ಕರಗುತ್ತವೆ. ಸುಟ್ಟ ಪದರವೂ ಹೋಗುತ್ತದೆ, ಜೊತೆಗೆ ಒಂದಿಷ್ಟು ಒಳ್ಳೆಯ ಲೋಹವೂ ಹೋಗುತ್ತದೆ. ಹಾಗಾಗಿ ಎಷ್ಟು ಕರಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿ, ಕಡ್ಡಿಯನ್ನು ಬೇಕಂತಲೇ ಅಷ್ಟು ಅಗಲವಾಗಿ ಕತ್ತರಿಸಿರುತ್ತಾರೆ.

ಬಿಸಿ ಹರಡುವ ಮೊದಲೇ ಲೋಹವನ್ನು ಆವಿ ಮಾಡಿದರೆ? ಫೆಮ್ಟೋಸೆಕೆಂಡ್ ಲೇಸರ್ ತೀರಾ ಚಿಕ್ಕ ಮಿಡಿತಗಳಲ್ಲಿ ಬೆಳಕು ಚಿಮ್ಮಿಸಿ ಮಾಡುವುದು ಅದನ್ನೇ. ಒಂದು ಸೆಕೆಂಡನ್ನು ಸಾವಿರ ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಫೆಮ್ಟೋಸೆಕೆಂಡ್. ಒಂದು ಫೆಮ್ಟೋಸೆಕೆಂಡ್‌ನಲ್ಲಿ ಬೆಳಕೇ 0.3 ಮೈಕ್ರಾನ್ ಮಾತ್ರ ಚಲಿಸುತ್ತದೆ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್)! ಇಷ್ಟು ಚಿಕ್ಕ ಮಿಡಿತಕ್ಕೆ ಬಲ ತುಂಬುವ ದಾರಿಯನ್ನು 1985ರಲ್ಲಿ ತೋರಿಸಿದವರು ಡೊನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರು (Mourou) ಎಂಬ ಇಬ್ಬರು ವಿಜ್ಞಾನಿಗಳು. 2018ರಲ್ಲಿ ಅವರಿಗೆ ನೊಬೆಲ್ ಬಂತು.

ಹಾಗಂತ ಎಲ್ಲದಕ್ಕೂ ಅದೇ ಬೇಕು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಯಂತ್ರದ ಬೆಲೆ ಜಾಸ್ತಿ, ಎಷ್ಟೋ ಕೆಲಸಗಳಲ್ಲಿ ವೇಗವೂ ಕಡಿಮೆ. ಹೇಗೂ ಪಾಲಿಶ್ ಆಗಲಿರುವ ಸ್ಟೀಲ್ ಸ್ಟೆಂಟ್‌ಗೆ ಫೈಬರ್ ಲೇಸರ್ ಧಾರಾಳ ಸಾಕು. ತೆಳು ನಿಟಿನಾಲ್, ಮೈಯಲ್ಲೇ ಕರಗುವ ಮೆಗ್ನೀಸಿಯಂ, ಇಂಥ ಕಡೆ ಫೆಮ್ಟೋಸೆಕೆಂಡ್‌ಗೆ ದುಡ್ಡು ಹಾಕಬಹುದು.